ಗಿಡ್ಡ ಗೇರಿನ ಹಳದಿ ದಾರ

“ಅಜ್ಜಾ, ಒಂದು ನೇಮವನ್ನೂ ನಾನು ತಪ್ಪಿಸಿಲ್ಲ. ಆದರೂ ಒಳಗೆ ಬರಿದಾಗುತ್ತಿದ್ದೇನೆ. ಎಲ್ಲಿ ಸೋರುತ್ತಿದೆ?” ಎಂದು ಗುರುಪಾದ ಕೇಳಿದ.

ಅಜ್ಜ ಎಂದರೆ ಆ ಮಠದ ಗುರುಗಳು. ಸುತ್ತಲಿನ ಊರುಗಳೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದವು. ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆಯೇ, “ಯಾವ ಯಾವ ನೇಮ? ಹೇಳು” ಎಂದರು.

ಗುರುಪಾದ ಹೇಳಿದ. ನಸುಕಿಗೆ ಏಳುತ್ತೇನೆ. ಎರಡು ಹೊತ್ತು ಪೂಜೆ, ಒಂದು ಹೊತ್ತು ಊಟ. ಸೋಮವಾರ ಮೌನ. ಮನೆಯವರ ಮುಖ ನೋಡುವುದಿಲ್ಲ. ಇವತ್ತು ಬೆಳಿಗ್ಗೆಯೂ ಅಕ್ಕ ಬಂದಿದ್ದಾಳೆ. ವರ್ಷಕ್ಕೊಮ್ಮೆ ಬರುತ್ತಾಳೆ. ಭೇಟಿ ಇಲ್ಲವೆಂದು ಹೇಳಿ ಕಳಿಸಿದೆ. ಹೆಬ್ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಳಂತೆ, ಸಂಜೆ ಬಸ್ಸಿಗೆ ಹೊರಡುತ್ತಾಳೆ. ಒಂಬತ್ತು ವರ್ಷದಿಂದ ಹೀಗೇ. ಒಂದು ಸಲವೂ ನಾನು ಸಡಿಲಾಗಿಲ್ಲ.

ಕೊನೆಯ ಮಾತು ಹೇಳುವಾಗ ಅವನ ದನಿಯಲ್ಲಿ ತುಸು ಹೆಮ್ಮೆ ಇತ್ತು.

“ಮನೆಯವರ ಮುಖ ನೋಡಬೇಡ ಎಂದು ಯಾರು ಹೇಳಿದ್ದು? ನಾನಂತೂ ಹೇಳಿಲ್ಲ.”

“ನಿಮಗಿಂತ ಮೊದಲು ಇದ್ದ ದೊಡ್ಡಯ್ಯನವರು. ನಾನು ಬಂದ ಹೊಸದರಲ್ಲಿ ಎರಡು ಸಲ ಗೋಡೆ ಹಾರಿ ಮನೆಗೆ ಓಡಿದ್ದೆ. ಹಿಡಿದು ತಂದು ಈ ಮಾತು ಹೇಳಿದರು. ಮುಂದಿನ ವರ್ಷ ಅವರು ಲಿಂಗೈಕ್ಯರಾದರು. ಅವರ ಮಾತನ್ನು ನಾನು ಮೀರುವುದುಂಟೇ?”

ಅಜ್ಜ ಶೇಂಗಾದ ಮೊರವನ್ನು ಅವನ ಕಡೆ ತಳ್ಳಿದರು. “ಸುಲಿ. ಕೈ ಸುಮ್ಮನಿದ್ದರೆ ನಿನಗೆ ಕಿವಿ ಕೇಳಿಸುವುದಿಲ್ಲ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ” ಎಂದು ಶುರುಮಾಡಿದರು.

ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಬಯಲುಸೀಮೆಯ ಊರು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ, ಇಷ್ಟೇ ಅವನ ಓಡಾಟ. ಆ ದಾರಿಯಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ, ಕೆಸರಿಲ್ಲ. ಅಂಥವನು ಒಂದು ಫೋರ್ ವೀಲ್ ಡ್ರೈವ್ ಗಾಡಿ ಕೊಂಡ. ಹಳೆಯದು. ಆದರೆ ಹೊಸದಿದ್ದಾಗ ದೊಡ್ಡ ದೊಡ್ಡವರು ಕೂತು ಓಡಾಡಿದ ತರಹದ್ದು. ಚರ್ಮದ ಸೀಟು, ಮುಚ್ಚಿದರೆ ಧಪ್ ಎನ್ನುವ ಬಾಗಿಲು, ಏಣಿ ಇಟ್ಟು ಹತ್ತಬೇಕೇನೋ ಅನ್ನುವಷ್ಟು ಎತ್ತರ. ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಹಾಗೆ ಮಾಡಿದ ಗಾಡಿ ಅದು, ಗುಡ್ಡ ಹತ್ತುವವರಿಗೆ, ಕೆಸರು ದಾಟುವವರಿಗೆ. ಅವನಿಗೆ ಅದು ಬೇಕಾಗಿರಲಿಲ್ಲ. ಬೇಕು ಅನ್ನಿಸಿತು, ಕೊಂಡ.

ಕೊಡಿಸಿದ ದಲ್ಲಾಳಿ ಹೇಳಿದ್ದ: “ಗುಡ್ಡದ ಕಡೆ ಏಲಕ್ಕಿ ತೋಟದ ಒಬ್ಬ ದೊಡ್ಡಮ್ಮನ ಗಾಡಿ. ತಾವೇ ಓಡಿಸುತ್ತಿದ್ದರು. ಹೆತ್ತ ಮಗುವಿನ ಹಾಗೆ ನೋಡಿಕೊಂಡಿದ್ದಾರೆ. ಲೀಟರಿಗೆ ಒಂಬತ್ತು ಕಿಲೋಮೀಟರು ಕಣ್ಣು ಮುಚ್ಚಿಕೊಂಡು ಕೊಡುತ್ತೆ.”

ಆ ಗಾಡಿಯಲ್ಲಿ ಎರಡು ಗೇರಿನ ಕೋಲು. ಒಂದು ಎಲ್ಲ ಗಾಡಿಯಲ್ಲೂ ಇರುವಂಥದು. ಅದರ ಪಕ್ಕದಲ್ಲಿ ಇನ್ನೊಂದು, ಗಿಡ್ಡದು. ಆ ಗಿಡ್ಡ ಗೇರಿನ ಕುತ್ತಿಗೆಗೆ ಒಂದು ಹಳದಿ ದಾರವನ್ನು ಮೂರು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದರು.

ದಾರ ಕಂಡದ್ದೇ ತಡ, ವರ್ತಕ ಕೈ ಮುಗಿದ. ನೀನಿದ್ದರೂ ಕೈ ಮುಗಿಯುತ್ತಿದ್ದೆ, ಸುಳ್ಳು ಹೇಳಬೇಡ. ಹಳದಿ ದಾರ ಅಂದರೆ ನಮಗೆ ಕಂಕಣ. ಮದುವೆಗೆ ಕಟ್ಟುತ್ತೇವೆ, ವ್ರತಕ್ಕೆ ಕಟ್ಟುತ್ತೇವೆ, ಆಯುಧಪೂಜೆಯ ದಿನ ತಕ್ಕಡಿಗೂ ಕೊಡಲಿಗೂ ಕಟ್ಟುತ್ತೇವೆ. ಗಾಡಿ ಪೂಜೆಗೆ ಬಂದ ಪುರೋಹಿತನೂ ಬಗ್ಗಿ ನೋಡಿ, “ಇದು ಯಾವುದೋ ಹರಕೆಯ ಕಂಕಣ. ಇಂಥದ್ದನ್ನು ಕಟ್ಟಿದವರ ಕೈಯಿಂದಲೇ ಬಿಚ್ಚಿಸಬೇಕು. ನೀವು ಮುಟ್ಟಲು ಹೋಗಬೇಡಿ” ಎಂದ. ವರ್ತಕ ಆ ಗೇರಿಗೆ ಅರಿಸಿನ ಕುಂಕುಮ ಹಚ್ಚಿದ. ತನ್ನ ಚಾಲಕನನ್ನು ಕರೆದು, “ಉದ್ದ ಗೇರು ನಿನ್ನದು. ಗಿಡ್ಡದು ದೇವರದು. ನೆನಪಿರಲಿ” ಎಂದು ಹೇಳಿದ.

ಚಾಲಕ ಹದಿಮೂರು ವರ್ಷದಿಂದ ಅವನ ಹತ್ತಿರ ಇದ್ದವನು. ವರ್ತಕನ ಮಗಳ ಮದುವೆಯಲ್ಲಿ ಬೀಗರನ್ನು ಕರೆತಂದವನು ಅವನೇ. ವರ್ತಕನ ತಾಯಿಗೆ ಎದೆನೋವು ಬಂದ ದಿನ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಆಸ್ಪತ್ರೆಗೆ ಒಯ್ದವನೂ ಅವನೇ. ಆದರೆ ಇಂಥ ಗಾಡಿ ಅವನು ಹಿಂದೆ ಓಡಿಸಿರಲಿಲ್ಲ. ಎರಡನೆಯ ದಿನವೇ ಬಂದು ತಲೆ ಕೆರೆದುಕೊಂಡು ನಿಂತ.

“ಧಣಿ, ಗಾಡಿ ನೆಟ್ಟಗೆ ಹೋಗುವಾಗ ಸರಿ ಇದೆ. ತಿರುವು ಬಂತೋ, ಹಟ ಮಾಡುತ್ತದೆ. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ.”

“ದೊಡ್ಡ ಮನೆತನದ ಗಾಡಿ ಕಣೋ. ಸ್ವಲ್ಪ ಹಟ ಇರುತ್ತದೆ. ನೀನೇ ಹೊಂದಿಕೊಂಡು ಹೋಗು” ಎಂದ ವರ್ತಕ.

ಎದುರಿನ ಗಾಜಿನ ಕೆಳಗೆ, ಮುಳ್ಳುಗಳು ಓಡುವ ಜಾಗದಲ್ಲಿ, ಒಂದು ಪುಟ್ಟ ಹಸಿರು ದೀಪ ಸದಾ ಉರಿಯುತ್ತಿತ್ತು. ಅದರಲ್ಲಿ ನಾಲ್ಕು ಚಕ್ರದ ಚಿತ್ರ. ನಾಲ್ಕು ಚಕ್ರವೂ ಕ್ಷೇಮವಾಗಿವೆ ಎಂದು ಗಾಡಿ ತಾನಾಗಿ ಹೇಳುತ್ತಿದೆ ಎಂದು ವರ್ತಕ ಹಿಗ್ಗಿದ. ಗಿಡ್ಡ ಗೇರಿಗೆ ಆರತಿ ಎತ್ತುವಾಗ ಆ ದೀಪಕ್ಕೂ ಒಂದು ಸುತ್ತು ಎತ್ತುತ್ತಿದ್ದ. ನಗಬೇಡ ಗುರುಪಾದ, ಸುಲಿ.

ನಮ್ಮ ಜನ ಗಾಡಿ ಕಂಡರೆ ಮೊದಲು ಏನು ಕೇಳುತ್ತಾರೆ? ಎಷ್ಟು ಕೊಡುತ್ತೆ? ಎಮ್ಮೆ ಕಂಡರೂ ಇದೇ ಪ್ರಶ್ನೆ, ಗಾಡಿ ಕಂಡರೂ ಇದೇ ಪ್ರಶ್ನೆ. ಎಷ್ಟು ಕುಡಿಯುತ್ತೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ವರ್ತಕನನ್ನೂ ಕೇಳಿದರು. ಮೊದಲ ವಾರ “ಒಂಬತ್ತು” ಎಂದ. ಒಂದು ತಿಂಗಳಾದ ಮೇಲೆ ಅಳೆದು ನೋಡಿದರೆ ಆರು. ತಪ್ಪಿರಬೇಕೆಂದು ಮತ್ತೆ ಅಳೆದ. ಮತ್ತೂ ಆರು. ಆಗ “ಹತ್ತಿರ ಹತ್ತಿರ ಒಂಬತ್ತು” ಎನ್ನತೊಡಗಿದ. ಆಮೇಲೆ “ಇಂಥ ಗಾಡಿ ಇಟ್ಟವರು ಅದನ್ನೆಲ್ಲ ನೋಡುತ್ತಾರೇನ್ರೀ?” ಎಂದ. ಕೊನೆಗೆ ಕೇಳುವವರ ಕಾಟಕ್ಕೆ ಹಿಂದಿನ ಓಣಿಯಿಂದ ಅಂಗಡಿಗೆ ಬರತೊಡಗಿದ.

ತಲೆಬುಡ ಅರ್ಥವಾಗಲಿಲ್ಲ ಅವನಿಗೆ. ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದ. ಅವನು ಫಿಲ್ಟರ್ ಬದಲಾಯಿಸಿ “ಈಗ ನೋಡಿ” ಎಂದ. ನೋಡಿದರೆ ಆರು. ಇನ್ನೊಬ್ಬ ಇಂಜಿನ್ ಬಿಚ್ಚಿ ಡೀಸೆಲ್ ಚಿಮ್ಮಿಸುವ ನಳಿಕೆಗಳನ್ನೆಲ್ಲ ಹೊಸದು ಹಾಕಿ “ಈಗ ನೋಡಿ” ಎಂದ. ಆರು. ಅಷ್ಟರಲ್ಲಿ ಟೈರುಗಳು ಸಾಣೆಗೆ ಹಿಡಿದ ಹಾಗೆ ಸವೆದಿದ್ದವು. ನಾಲ್ಕನ್ನೂ ಬದಲಾಯಿಸಿದರು. ಐದು ತಿಂಗಳಿಗೆ ಅವೂ ಸವೆದವು. ತಿರುವಿನಲ್ಲಿ ಗಾಡಿಯ ಹೊಟ್ಟೆಯೊಳಗಿಂದ ಕಟಕ್ ಎಂಬ ಸದ್ದು ಬೇರೆ ಶುರುವಾಯಿತು.

ಕೊನೆಗೆ ಪಟ್ಟಣದ ಒಬ್ಬ ಹಳೆಯ ಮೆಕ್ಯಾನಿಕ್ಕನ ಹತ್ತಿರ ಒಯ್ದ. ಅವನು ವರ್ತಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಳದಲ್ಲೇ ಒಂದು ಸುತ್ತು ಓಡಿಸಿದ. ತಿರುವಿನಲ್ಲಿ ಗಾಡಿ ಹಟ ಮಾಡಿತು. ಅವನ ಮುಖ ಅರಳಿತು. “ಹೋ! ಸಾಹೇಬರೇ, ಈ ಗಿಡ್ಡ ಗೇರು...” ಎನ್ನುತ್ತಾ ಕೈ ಚಾಚಿದ.

“ಕೈ ತೆಗಿ! ಅದು ದೇವರದು!” ಎಂದು ವರ್ತಕ ಕಿರುಚಿದ.

“ಅಲ್ಲ ಸಾಹೇಬರೇ, ಒಂದು ಮಾತು ಕೇಳಿ...”

“ದೇವರ ಮೇಲೆ ಮಾತಿಲ್ಲ.”

ಮೆಕ್ಯಾನಿಕ್ ದಾರ ನೋಡಿದ, ಕುಂಕುಮ ನೋಡಿದ. ದೇವರ ವಿಷಯ ನಮಗ್ಯಾಕಪ್ಪಾ ಎಂದುಕೊಂಡು ಕೈ ಒರೆಸಿಕೊಂಡು ಬೇರೆ ಗಾಡಿಯ ಹತ್ತಿರ ಹೋದ. ವರ್ತಕ ಒಂದು ವರ್ಷದಿಂದ ಹುಡುಕುತ್ತಿದ್ದ ಉತ್ತರ ಆ ಮನುಷ್ಯನ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು.

ಕಾರಣ ಸಿಗದಿದ್ದರೆ ಮನುಷ್ಯ ಸುಮ್ಮನಿರುತ್ತಾನೆಯೇ? ಪಕ್ಕದ ಅಂಗಡಿಯವನು ಒಂದು ದಿನ ಎಲೆಯಡಿಕೆ ಹಾಕಿಕೊಳ್ಳುತ್ತಾ ಅಂದ: “ಅಣ್ಣಾ, ನಿನ್ನ ಗಾಡಿ ಕುಡಿಯುತ್ತಿಲ್ಲ. ನಿನ್ನ ಡ್ರೈವರ್ ಕುಡಿಯುತ್ತಿದ್ದಾನೆ.”

ಆ ಮಾತು ವರ್ತಕನ ತಲೆಯಲ್ಲಿ ಕೂತಿತು. ಮೊದಲು ಅವನಿಗೇ ನಾಚಿಕೆಯಾಯಿತು, ಛೇ, ಇವನು ಅಂಥವನಲ್ಲ ಎಂದ. ಎರಡು ದಿನ ಬಿಟ್ಟು ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ತಾನೇ ನಿಂತು ಟ್ಯಾಂಕ್ ತುಂಬಿಸಿದ. ಒಂದು ವಾರ ಬಿಟ್ಟು ಅಳೆದ. ಆರು.

ಬೀಗ ಬೀಗದ ಹಾಗೇ ಇದೆ. ಡೀಸೆಲ್ ಮಾತ್ರ ಹೋಗುತ್ತಿದೆ. ಬೇರೆ ಯಾರಾದರೂ ಆಗಿದ್ದರೆ, ಸದ್ಯ, ಇವನು ಕಳ್ಳನಲ್ಲ ಎಂದು ನೆಮ್ಮದಿಪಡುತ್ತಿದ್ದರು. ವರ್ತಕನಿಗೆ ಹೊಳೆದದ್ದೇ ಬೇರೆ. ಅಬ್ಬಾ, ಬೀಗಕ್ಕೆ ಇನ್ನೊಂದು ಕೈ ಮಾಡಿಸಿಕೊಂಡಿದ್ದಾನಲ್ಲ, ಎಂಥ ಪಾಕಡಾ ಇವನು! ಎಂದುಕೊಂಡ. ಸಂಶಯ ಹತ್ತಿದ ತಲೆಗೆ ಎಲ್ಲವೂ ಸಾಕ್ಷಿಯೇ.

ಮಾರುಕಟ್ಟೆಯ ದಿನ. ನಾಲ್ಕಾರು ಅಂಗಡಿಯವರು, ಹಮಾಲರು, ರೈತರು ಎಲ್ಲ ನಿಂತಿದ್ದರು. ಅವರ ನಡುವೆ ವರ್ತಕ ಚಾಲಕನ ಕೈಯಿಂದ ಗಾಡಿಯ ಕೀಲಿ ಕಿತ್ತುಕೊಂಡ.

“ಹದಿಮೂರು ವರ್ಷ ಅನ್ನ ಹಾಕಿದೆ. ನನ್ನ ಗಾಡಿಯ ಎಣ್ಣೆ ಕದಿಯಲು ನಿನಗೆ ಮನಸ್ಸಾದರೂ ಹೇಗೆ ಬಂತೋ?”

ಚಾಲಕ ಏನೂ ತಿಳಿಯದೆ ಸುತ್ತ ನೋಡಿದ. ತನ್ನನ್ನೇ ಕೇಳುತ್ತಿದ್ದಾರೆ ಎಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎರಡೂ ಕೈ ಮುಂದೆ ಚಾಚಿದ.

“ಮೂಸಿ ನೋಡಿ ಧಣಿ. ಡೀಸೆಲ್ ಕದ್ದ ಕೈಗೆ ಮೂರು ದಿನ ವಾಸನೆ ಹೋಗುವುದಿಲ್ಲ. ಮೂಸಿ ನೋಡಿ.”

ವರ್ತಕ ಮೂಸಿ ನೋಡಿದ, ಹೌದು, ನಾಚಿಕೆ ಬಿಟ್ಟು ಮೂಸಿಯೇ ನೋಡಿದ. ಬೆಳಿಗ್ಗೆ ತಿಂದ ರೊಟ್ಟಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. “ತೊಳೆದುಕೊಂಡಿದ್ದೀಯ” ಎಂದ.

ಚಾಲಕ ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣೊರೆಸಿಕೊಂಡು ಹೋದ. ಊರಲ್ಲಿ ಅವನಿಗೆ ಎಣ್ಣೆಗಳ್ಳ ಎಂಬ ಹೆಸರು ಬಿತ್ತು. ಮತ್ತೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಅದೇ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲನಾದ.

ಆ ದಿನದಿಂದ ವರ್ತಕ ತಾನೇ ಗಾಡಿ ಓಡಿಸಿದ. ಒಂದು ತಿಂಗಳು ಬಿಟ್ಟು ಅಳೆದ.

ಎಷ್ಟು ಕೊಟ್ಟಿತು ಹೇಳು? ಬೇಡ, ಬಾಯಿ ಹಾಕಬೇಡ, ನಾನೇ ಹೇಳುತ್ತೇನೆ. ಆರು.

ಈಗ ವರ್ತಕನ ತಲೆ ಗಿರ್ರೆಂದಿತು. ಬೀಗದ ಕೈ ತನ್ನ ಸೊಂಟದಲ್ಲಿದೆ. ಗಾಡಿಯ ಕೀಲಿ ತನ್ನ ಜೇಬಿನಲ್ಲಿದೆ. ಓಡಿಸುವವನು ತಾನೇ. ಹಾಗಾದರೆ ಕಳ್ಳ ಯಾರು? ಅಂಗಡಿಯಲ್ಲಿ ತೂಕ ಮಾಡುವಾಗ ತಕ್ಕಡಿಯ ಮುಳ್ಳು ನೋಡುವುದನ್ನೇ ಮರೆಯುತ್ತಿದ್ದ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಹೆಂಡತಿ “ಏನಾಯಿತು?” ಎಂದು ಕೇಳಿದರೆ “ಆರು” ಎನ್ನುತ್ತಿದ್ದ. ಮಾರುಕಟ್ಟೆಯಲ್ಲಿ ಬೆನ್ನ ಮೇಲೆ ಚೀಲ ಹೊತ್ತ ಚಾಲಕ ಎದುರಾದರೆ ಮುಖ ತಿರುಗಿಸುತ್ತಿದ್ದ. ಕರೆದು ಮಾತಾಡಿಸಬೇಕು ಅನ್ನಿಸುತ್ತಿತ್ತು. ಆದರೆ ಏನೆಂದು ಮಾತಾಡಿಸುವುದು? ನೀನು ಕದ್ದಿಲ್ಲ ಎನ್ನಬೇಕಾದರೆ ಯಾರು ಕದ್ದರು ಎಂದು ಗೊತ್ತಿರಬೇಕಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ದಿಕ್ಕು ತೋಚದವನು ಏನು ಮಾಡುತ್ತಾನೆ? ಪೂಜೆ ಹೆಚ್ಚು ಮಾಡುತ್ತಾನೆ. ಪ್ರತಿ ಅಮಾವಾಸ್ಯೆಗೂ ಗಿಡ್ಡ ಗೇರಿಗೆ ಇನ್ನೊಂದು ಹಳದಿ ದಾರ ಸುತ್ತಿದ. ಸುತ್ತಿ ಸುತ್ತಿ ಅದು ಮೆಕ್ಕೆಜೋಳದ ತೆನೆಯಷ್ಟು ದಪ್ಪವಾಯಿತು. ಮುಂದಿನ ಆಯುಧಪೂಜೆಗೆ ಬಂದ ಪುರೋಹಿತನಿಗೆ ಹೊಸ ದಾರ ಕಟ್ಟಲು ಜಾಗವೇ ಸಿಗಲಿಲ್ಲ. ಅವನು ಮೂಗಿನ ಮೇಲೆ ಬೆರಳಿಟ್ಟು, “ಯಜಮಾನರೇ, ಆ ಮೊದಲ ಹರಕೆ ಎಂಥದ್ದೋ ಏನೋ. ಅದು ತೀರದೆ ಈ ಗಾಡಿ ನಿಮಗೆ ಒಲಿಯುವುದಿಲ್ಲ. ಕಟ್ಟಿದವರನ್ನೇ ಹೋಗಿ ಕೇಳಿ” ಎಂದ.

ವರ್ತಕ ದಲ್ಲಾಳಿಯಿಂದ ವಿಳಾಸ ತೆಗೆದುಕೊಂಡು ಗುಡ್ಡದ ಕಡೆ ಹೊರಟ. ಮುಖ್ಯರಸ್ತೆ ಬಿಟ್ಟು ತೋಟದ ದಾರಿಗೆ ಇಳಿದ. ಮೊಣಕಾಲುದ್ದ ಕೆಸರು. ಕಡಿದಾದ ಏರು. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡ. ಆದರೆ ಗಾಡಿ ಒಂದಿಷ್ಟೂ ಹಟ ಮಾಡದೆ ಏರಿತು. ತಿರುವಿನಲ್ಲಿಯೂ ಜಗ್ಗಲಿಲ್ಲ. ವರ್ತಕ ಇನ್ನಷ್ಟು ಗಲಿಬಿಲಿಗೊಂಡ. ಇಂಥ ಕೆಸರಿನಲ್ಲಿ ಹೀಗೆ ಹೋಗುವ ಗಾಡಿ ನನ್ನೂರಿನ ಚಂದದ ರಸ್ತೆಯಲ್ಲಿ ಯಾಕೆ ಒದ್ದಾಡುತ್ತದೆ? ನಮ್ಮೂರೇ ಇದಕ್ಕೆ ಹಿಡಿಸಲಿಲ್ಲವೇ?

ತೋಟದಲ್ಲಿ ದೊಡ್ಡಮ್ಮ ಇರಲಿಲ್ಲ. ಕೆಳಗಿನ ಪೇಟೆಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ ಎಂದು ಆಳುಗಳು ಹೇಳಿದರು. ವರ್ತಕ ಪೇಟೆಗೆ ಇಳಿದ. ಬಸ್ ನಿಲ್ದಾಣದ ಎದುರಿನ ಮನೆ. ಗಾಡಿಯ ಸದ್ದು ಕೇಳಿಯೇ ಕೋಲೂರಿಕೊಂಡು ಹೊರಗೆ ಬಂದಳು ಮುದುಕಿ. “ಅರೆ, ನನ್ನ ಗಾಡಿ!” ಎಂದು ಅದರ ಮೂತಿ ಸವರಿದಳು. ಬಾಗಿಲು ತೆಗೆಸಿ ಒಳಗೆ ಬಗ್ಗಿದಳು.

“ಇದೇನಿದು? ಈ ಗೇರನ್ನು ಯಾರಿಗೆ ಕೊಟ್ಟು ಮದುವೆ ಮಾಡಿದಿರಿ?”

ವರ್ತಕ ಕೈ ಮುಗಿದು ಹೇಳಿದ. “ಅಮ್ಮಾ, ಒಳಗಿನ ಮೊದಲ ದಾರ ನಿಮ್ಮದು. ಯಾವ ದೇವರ ಹರಕೆ, ಎಂಥ ಹರಕೆ ಎಂದು ಹೇಳಿ. ಏನು ಬೇಕಾದರೂ ಮಾಡಿ ತೀರಿಸುತ್ತೇನೆ. ನಾನು ಸೋತು ಹೋಗಿದ್ದೇನೆ.”

ಮುದುಕಿ ಅವನನ್ನೇ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಹರಕೆಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಮರೆವು ಕಣಪ್ಪಾ! ತೋಟದ ಕೆಸರು ಬಂದಾಗ ಈ ಗೇರು ಎಳೆಯುತ್ತಿದ್ದೆ, ನಾಲ್ಕು ಚಕ್ರವೂ ಸೇರಿ ಎಳೆಯಲಿ ಅಂತ. ಟಾರು ರಸ್ತೆ ಸಿಕ್ಕ ಮೇಲೆ ಇದನ್ನು ವಾಪಸು ಹಾಕಬೇಕು. ಹಾಕದಿದ್ದರೆ ಮುಂದಿನ ಚಕ್ರ, ಹಿಂದಿನ ಚಕ್ರ ಒಂದಕ್ಕೊಂದು ಜಗ್ಗಾಡುತ್ತವೆ. ಎಣ್ಣೆ ನೀರು ಹೋದ ಹಾಗೆ ಹೋಗುತ್ತದೆ, ಟೈರು ಸವೆದು ಹೋಗುತ್ತವೆ. ನನಗೆ ಅದು ಮರೆತೇ ಹೋಗುತ್ತಿತ್ತು. ಅದಕ್ಕೆ ಗೇರು ಎಳೆದಾಗಲೆಲ್ಲ ಒಂದು ದಾರ ಕಟ್ಟುತ್ತಿದ್ದೆ. ಏನಾದರೂ ನೆನಪಿರಲಿ ಅಂತ ನಾವು ಸೆರಗಿಗೆ ಗಂಟು ಹಾಕಿಕೊಳ್ಳುವುದಿಲ್ಲವೇ, ಹಾಗೆ. ಟಾರು ಬಂತು, ದಾರ ಕಂಡಿತು, ಬಿಚ್ಚು, ಗೇರು ಬಿಡು. ಅಷ್ಟೇ ಅದರ ಕೆಲಸ.”

“ಮತ್ತೆ... ಹಳದಿ ಯಾಕೆ?”

“ಕಪ್ಪು ಗೇರಿಗೆ ಕಪ್ಪು ದಾರ ಕಟ್ಟಿದರೆ ಈ ಮುದಿಗಣ್ಣಿಗೆ ಕಾಣಬೇಕಲ್ಲ!”

ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದಳು. “ಇದು ಕೊನೆಯ ಸಲ ತೋಟಕ್ಕೆ ಹತ್ತುವಾಗ ಕಟ್ಟಿದ್ದು. ಅಲ್ಲೇ ನನ್ನ ಮೊಣಕಾಲು ಕೈಕೊಟ್ಟಿತು. ನನ್ನನ್ನು ಬೇರೆ ಗಾಡಿಯಲ್ಲಿ ಇಳಿಸಿಕೊಂಡು ಬಂದರು. ಇದನ್ನು ದಲ್ಲಾಳಿ ತೋಟದಿಂದಲೇ ಒಯ್ದ. ಟಾರು ರಸ್ತೆಯಲ್ಲಿ ಇದನ್ನು ಬಿಚ್ಚಲು ನಾನು ಇರಲಿಲ್ಲ.”

ಮನೆಯೊಳಗಿಂದ ಕತ್ತರಿ ತರಿಸಿದಳು. ತಾನೇ ಒಂದೊಂದೇ ದಾರ ಕತ್ತರಿಸಿದಳು. ಕೆಳಗೆ ಹಳದಿ ಗುಪ್ಪೆ ಬಿತ್ತು. ಕೊನೆಗೆ ಉಳಿದ ತನ್ನ ಗಂಟನ್ನು ಮಾತ್ರ ಉಗುರಿನಿಂದ ಬಿಡಿಸಿದಳು. ಗಿಡ್ಡ ಗೇರನ್ನು ಹಿಡಿದು ಮುಂದಕ್ಕೆ ತಳ್ಳಿದಳು. ಕಟ್ ಎಂದಿತು. ಹಸಿರು ದೀಪ ಆರಿತು.

“ಅಯ್ಯೋ ಅಮ್ಮಾ, ದೀಪ ಆರಿತಲ್ಲ!” ಎಂದು ವರ್ತಕ ಎದೆ ಹಿಡಿದುಕೊಂಡ.

“ಆರಲೇಬೇಕು. ಗೇರು ಬಿಟ್ಟಿಲ್ಲ, ಬಿಟ್ಟಿಲ್ಲ ಎಂದು ಇಷ್ಟು ದಿನ ಹೇಳುತ್ತಿದ್ದದ್ದೇ ಅದು” ಎಂದಳು ಮುದುಕಿ.

ವರ್ತಕನಿಗೆ ಮೊದಲು ನಗು ಬಂತು. ತನ್ನ ಆರತಿ, ತನ್ನ ಅಮಾವಾಸ್ಯೆ ಎಲ್ಲ ನೆನಪಾಗಿ ತಾನೂ ನಕ್ಕ. ನಗುತ್ತಿದ್ದ ಹಾಗೆಯೇ ಮುಂದೆ ಚಾಚಿದ ಎರಡು ಕೈ ನೆನಪಾದವು. ನಗು ಅಲ್ಲೇ ನಿಂತಿತು. ಮುದುಕಿ ಕಾಫಿ ಕುಡಿದು ಹೋಗು ಎಂದಳು, ನಿಲ್ಲಲಿಲ್ಲ.

ಪೇಟೆಯ ಮೊದಲ ತಿರುವಿನಲ್ಲಿ ಗಾಡಿ ಸಲೀಸಾಗಿ ತಿರುಗಿತು. ತಿರುವಿನಲ್ಲಿ ಹಟ ಮಾಡುತ್ತದೆ ಧಣಿ ಎಂದು ಒಬ್ಬ ಎರಡನೆಯ ದಿನವೇ ಹೇಳಿದ್ದ. ಪ್ರತಿ ತಿರುವಿನಲ್ಲೂ ವರ್ತಕನಿಗೆ ಆ ಮಾತು ಕೇಳಿಸಿತು. ದಾರಿಯಲ್ಲಿ ಗಾಡಿ ನಿಲ್ಲಿಸಿ ಅತ್ತ. ಊರು ಮುಟ್ಟಿದ ಮೇಲೆ ಅಭ್ಯಾಸಬಲದಿಂದ ಅಳೆದ. ಒಂಬತ್ತು. ಒಂಬತ್ತೇನು ದೊಡ್ಡದಲ್ಲ ಬಿಡು, ಹೊಟ್ಟೆಬಾಕ ಗಾಡಿ ಹೊಟ್ಟೆಬಾಕವೇ. ಆದರೆ ಆ ನಡುವಿನ ಮೂರು ಕಿಲೋಮೀಟರಿಗೆ ಒಬ್ಬ ಮನುಷ್ಯನ ಮಾನ ಹೋಗಿತ್ತು.

ಮನೆಗೆ ಹೋಗದೆ ನೇರ ಮಾರುಕಟ್ಟೆಗೆ ಹೋದ. ಚಾಲಕ ಚೀಲ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ವರ್ತಕ ಗಾಡಿಯ ಕೀಲಿಯನ್ನು ಮುಂದೆ ಹಿಡಿದ. “ತಪ್ಪಾಯಿತು ಕಣೋ. ಯಾರೂ ಕದ್ದಿರಲಿಲ್ಲ. ನಾನೇ ಒಂದು ಗಂಟನ್ನು ಬಿಚ್ಚಿರಲಿಲ್ಲ” ಎಂದ.

ಚಾಲಕ ಕೀಲಿ ನೋಡಿದ. ಮೆಣಸಿನಕಾಯಿ ಪುಡಿ ಮೆತ್ತಿದ ಎರಡೂ ಕೈ ಮುಂದೆ ಚಾಚಿದ. “ಮೂಸಿ ನೋಡಿ ಧಣಿ” ಎಂದ.

ವರ್ತಕ ಬಗ್ಗಿ ಮೂಸಿದ. ಖಾರ ಮೂಗಿಗೆ ಅಡರಿ ಕೆಮ್ಮಿದ, ಕಣ್ಣಿಂದ ನೀರು ಸುರಿಯಿತು. ಆದರೂ ಆ ಕೈ ಬಿಡಲಿಲ್ಲ.

“ಅಂದು ಎಷ್ಟು ಜನರ ಮುಂದೆ ಹೇಳಿದಿರೋ, ಅಷ್ಟೂ ಜನರ ಮುಂದೆ ಇದನ್ನು ಹೇಳಿ ಬನ್ನಿ. ಆಮೇಲೆ ಕೀಲಿಯ ಮಾತಾಡೋಣ” ಎಂದು ಚಾಲಕ ಇನ್ನೊಂದು ಚೀಲಕ್ಕೆ ಬೆನ್ನು ಕೊಟ್ಟ.

ವರ್ತಕ ಅಂಗಡಿ ಅಂಗಡಿಗೆ ಹೋದ. ಹಿಂದಿನ ಓಣಿ ಬಿಟ್ಟು ಮುಂದಿನ ಬೀದಿಯಲ್ಲೇ ಹೋದ. ಅಂದು ಇಲ್ಲದವರ ಮುಂದೆಯೂ ನಿಂತ. ಗಾಡಿ ಕಂಡವರು ವಾಡಿಕೆಯ ಹಾಗೆ “ಎಷ್ಟು ಕೊಡುತ್ತೆ?” ಎಂದು ಕೇಳುತ್ತಿದ್ದರು. ಕೇಳಿದವರಿಗೆಲ್ಲ ಅವನು ಒಂದೇ ಉತ್ತರ ಕೊಟ್ಟ: “ನನ್ನ ಡ್ರೈವರ್ ಕಳ್ಳನಲ್ಲ.” ಇವನಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕರು. ಅವನು ಮತ್ತೂ ಹೇಳುತ್ತಾ ಹೋದ.

ಇಷ್ಟು ಹೇಳಿ ಅಜ್ಜ ಸುಲಿದ ಬೀಜವನ್ನೆಲ್ಲ ಒಂದು ಬಟ್ಟೆಯಲ್ಲಿ ಗಂಟು ಕಟ್ಟತೊಡಗಿದರು.

ಗುರುಪಾದ ತಡೆಯಲಾರದೆ ಕೇಳಿದ: “ಅಜ್ಜಾ, ಆ ಚಾಲಕ ವಾಪಸು ಬಂದನೇ?”

“ಬಾಯಿ ಹಾಕಬೇಡ ಎಂದಿದ್ದೆ. ಅವನ ಚಿಂತೆ ಆ ವರ್ತಕನಿಗಿರಲಿ” ಎಂದು ಅಜ್ಜ ಗದರಿದರು.

ಗುರುಪಾದನಿಗೆ ಇನ್ನೂ ಗೊಂದಲ. “ಆದರೆ ಅಜ್ಜಾ, ಅದು ಮರೆವಿನ ಮುದುಕಿ ಕಟ್ಟಿದ ದಾರ. ನನ್ನದು ದೊಡ್ಡಯ್ಯನವರ ಮಾತು. ಎರಡೂ ಒಂದೇ ಹೇಗಾಗುತ್ತದೆ?”

ಅಜ್ಜ ಶೇಂಗಾದ ಗಂಟನ್ನು ಅವನ ಮಡಿಲಿಗೆ ಹಾಕಿದರು. ಹೊತ್ತು ಇಳಿಯುತ್ತಿತ್ತು. ಹೆಬ್ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದರು:

“ಗೋಡೆ ಹಾರುವ ಕೆಸರು ದಾಟಿ ನೀನು ಟಾರು ರಸ್ತೆಗೆ ಬಂದು ಎಷ್ಟು ವರ್ಷವಾಯಿತು, ಗುರುಪಾದ?”

ಗುರುಪಾದ ಶೇಂಗಾದ ಗಂಟನ್ನು ಎತ್ತಿಕೊಂಡು ಎದ್ದ. ಹೆಬ್ಬಾಗಿಲ ಕಡೆ ನಡೆದ.